ಹಡಗುಗಳ ಅರವಟ್ಟಿಗೆ

ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಕ್ರ್ಯಾಬ್‌ಸ್ಟರ್‌ನಲ್ಲಿ ಹಡಗು ಹತ್ತಿದರೆ ಒಂದೂವರೆ ಗಂಟೆಯಲ್ಲಿ ಸ್ಟ್ರಾಮ್‌ನೆಸ್. ಆರ್ಕ್ನಿ ದ್ವೀಪಗಳ ಹಳೆಯ ಬಂದರು ಊರು. ಹೊಯ್ ದ್ವೀಪದ ಪಕ್ಕ ಹಾದು ಹೋಗುವಾಗ ಎಲ್ಲರೂ ಎದ್ದು ಡೆಕ್ಕಿಗೆ ಬಂದರು. ಸಮುದ್ರದಿಂದ ನೆಟ್ಟಗೆ ಎದ್ದ ಒಂಟಿ ಬಂಡೆ, 137 ಮೀಟರ್ ಎತ್ತರ. 'ಓಲ್ಡ್ ಮ್ಯಾನ್ ಆಫ್ ಹೊಯ್' ಅಂತ ಹೆಸರು. ಅಲ್ಲಿಯವರೆಗೆ ನನಗೆ ಹೊಟ್ಟೆ ತೊಳೆಸುತ್ತಿತ್ತು. ಆ ಬಂಡೆ ನೋಡುತ್ತಾ ಮರೆತೇಹೋಯಿತು.

ನಾನು ಇಳಿದದ್ದು ಜೂನ್ ತಿಂಗಳ ರಾತ್ರಿ ಎಂಟೂವರೆಗೆ. ರಾತ್ರಿ ಅನ್ನಬೇಕಷ್ಟೆ, ಬಿಸಿಲು ಇನ್ನೂ ಇತ್ತು. ಸೂರ್ಯ ಮುಳುಗಿದ್ದು ಹತ್ತೂವರೆ ಹೊತ್ತಿಗೆ. ಆಮೇಲೂ ಪೂರ್ತಿ ಕತ್ತಲಾಗಲಿಲ್ಲ.

ಊರಿಗೆ ಮುಖ್ಯ ಬೀದಿ ಅಂತ ಇರುವುದು ಒಂದೇ. ಅಂಕುಡೊಂಕಾಗಿ ದಂಡೆಯ ಉದ್ದಕ್ಕೂ ಹೋಗುತ್ತದೆ, ನಾಲ್ಕು ಹೆಜ್ಜೆಗೊಮ್ಮೆ ಹೆಸರು ಬದಲಾಗುತ್ತದೆ. ವಿಕ್ಟೋರಿಯಾ ಸ್ಟ್ರೀಟ್, ಗ್ರಹಾಂ ಪ್ಲೇಸ್, ಡಂಡಾಸ್ ಸ್ಟ್ರೀಟ್, ಆಲ್‌ಫ್ರೆಡ್ ಸ್ಟ್ರೀಟ್. ನೆಲಕ್ಕೆ ಚಪ್ಪಡಿ ಕಲ್ಲು. ಬೀದಿ ಎಷ್ಟು ಕಿರಿದು ಅಂದರೆ, ಕಾರು ಬಂದಾಗ ನಾನು ಯಾರದೋ ಮನೆ ಬಾಗಿಲಿಗೆ ಅಂಟಿ ನಿಲ್ಲಬೇಕಾಯಿತು. ಮನೆಗಳು ಸಮುದ್ರಕ್ಕೆ ಪಕ್ಕದ ಗೋಡೆ ತೋರಿಸಿ ನಿಂತಿವೆ, ಗಾಳಿ ಆ ಥರ ಇದೆ ಇಲ್ಲಿ. ದಂಡೆಯ ಕಡೆಯ ಮನೆಗಳಲ್ಲಿ ಎಷ್ಟೋ ಮನೆಗೆ ಸ್ವಂತ ಕಲ್ಲುಕಟ್ಟೆ ಇದೆ, ನಮ್ಮಲ್ಲಿ ಹಿತ್ತಲು ಇದ್ದ ಹಾಗೆ. ಒಂದು ಕಟ್ಟೆಯ ಮೇಲೆ ದೋಣಿ, ಅದರ ಪಕ್ಕದಲ್ಲೇ ಒಣಗಲು ಹಾಕಿದ ಬೆಡ್‌ಶೀಟು. ಗುಡ್ಡಕ್ಕೆ ಹತ್ತುವ ಒಂದು ಓಣಿಯ ಬೋರ್ಡು ಓದಿ ನಿಂತುಬಿಟ್ಟೆ. ಖೈಬರ್ ಪಾಸ್!

ನಾನು ಉಳಿದ ಮನೆಯ ಅಜ್ಜಿ ಬಾಗಿಲು ತೆಗೆದವರೇ 'ಪೀಡಿ ಟೀ ಕುಡೀತೀಯಾ?' ಅಂದರು. ಪೀಡಿ ಅಂದರೆ ಆರ್ಕ್ನಿ ಮಾತಲ್ಲಿ ಚಿಕ್ಕದು. ಪೀಡಿ ಟೀ, ಪೀಡಿ ದೋಣಿ, ಪೀಡಿ ಮಗು. ಎರಡು ದಿನದಲ್ಲಿ ನನ್ನ ಬಾಯಿಗೂ ಬಂತು. ಬೆಳಿಗ್ಗೆ ತಿಂಡಿಗೆ ಬೇರ್ ಬ್ಯಾನಕ್ ಕೊಟ್ಟರು. ಬೇರ್ ಅನ್ನುವುದು ಇಲ್ಲಿನವರು ತಲೆತಲಾಂತರದಿಂದ ಬೆಳೆದು ಬಂದ ಒಂದು ಜಾತಿ ಬಾರ್ಲಿ. ಬರ್ಸೆಯಲ್ಲಿರುವ ಹಳೆಯ ನೀರಿನ ಗಿರಣಿಯಲ್ಲಿ ಇವತ್ತಿಗೂ ಅದನ್ನು ಬೀಸುತ್ತಾರೆ. ದಪ್ಪ ರೊಟ್ಟಿ, ಮಣ್ಣಿನ ಬಣ್ಣ, ಮುರಿದರೆ ಸ್ವಲ್ಪ ಸುಟ್ಟ ಘಮ. ಬೆಣ್ಣೆ ಜಾಸ್ತಿ ಹಚ್ಚಬೇಕು. ರಾಗಿ ರೊಟ್ಟಿ ತಿಂದು ಬೆಳೆದವರಿಗೆ ಇದು ಖಂಡಿತ ಹಿಡಿಸುತ್ತದೆ.

ಊಟದ ಮೇಜಿಗೆ ನಾವು ನಾಲ್ವರು. ಇಬ್ಬರು ಡೈವಿಂಗಿಗೆ ಬಂದ ಜರ್ಮನ್ ಗೆಳೆಯರು. ಹತ್ತಿರದ ಸ್ಕಾಪಾ ಫ್ಲೋ ಅನ್ನುವ ಕೊಲ್ಲಿಯಲ್ಲಿ 1919ರ ಜೂನ್ 21ರಂದು ಜರ್ಮನ್ ನೌಕಾಪಡೆಯವರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದ್ದರು. ಒಂದೇ ದಿನ 52 ಹಡಗು. ಹೆಚ್ಚಿನವನ್ನು ಆಮೇಲೆ ಮೇಲೆತ್ತಿದರು. ಉಳಿದವನ್ನು ನೋಡಲು ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇನ್ನೊಬ್ಬಳು ಇಂಜಿನಿಯರ್ ಹುಡುಗಿ. ಅಲೆಯಿಂದ, ಉಬ್ಬರವಿಳಿತದಿಂದ ಕರೆಂಟು ತೆಗೆಯುವ ಯಂತ್ರಗಳನ್ನು ಪರೀಕ್ಷೆ ಮಾಡುವ ಕೇಂದ್ರ 2003ರಿಂದ ಈ ಊರಲ್ಲಿದೆ. ಅವಳು ಅಲ್ಲಿಗೆ ಬಂದವಳು. ಅಜ್ಜಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: 'ಸಮುದ್ರ ಹೆಂಗಿತ್ತು?'

ನನಗೆ ತುಂಬಾ ಹತ್ತಿರವಾದದ್ದು ಸೌತ್ ಎಂಡ್‌ನಲ್ಲಿರುವ ಲಾಗಿನ್ಸ್ ವೆಲ್ ಅನ್ನುವ ಬಾವಿ. ರಸ್ತೆ ಪಕ್ಕದ ಗೋಡೆಯಲ್ಲಿ ಒಂದು ಕಲ್ಲಿನ ಗೂಡು, ಜೊತೆಗೆ ಅಕ್ಷರ ಕೆತ್ತಿದ ಫಲಕ. ಸುಮ್ನೆ ನಡೆದು ಹೋದರೆ ಕಣ್ಣಿಗೆ ಬೀಳದೆಯೂ ಇರಬಹುದು. ಅಟ್ಲಾಂಟಿಕ್ ದಾಟುವ ಹಡಗುಗಳು ಇಲ್ಲಿ ಪೀಪಾಯಿಗಳಿಗೆ ಸಿಹಿನೀರು ತುಂಬಿಸಿಕೊಳ್ಳುತ್ತಿದ್ದವು. ಫಲಕದ ಪ್ರಕಾರ, ಹಡ್ಸನ್ಸ್ ಬೇ ಕಂಪನಿಯ ಹಡಗುಗಳು 1670ರಿಂದ 1891ರವರೆಗೆ ಬಂದವು. ಕೆನಡಾದ ಚಳಿಯಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಆ ಕಂಪನಿ ಇಲ್ಲಿಂದ ನೀರಿನ ಜೊತೆ ಆಳುಗಳನ್ನೂ ಒಯ್ಯುತ್ತಿತ್ತು. ಸಮುದ್ರಯಾನಿ ಕ್ಯಾಪ್ಟನ್ ಕುಕ್‌ನ ಎರಡು ಹಡಗುಗಳು 1780ರಲ್ಲಿ ಬಂದವು, ಆದರೆ ಕುಕ್ ಇರಲಿಲ್ಲ. ಹಿಂದಿನ ವರ್ಷವೇ ಹವಾಯಿಯಲ್ಲಿ ಸತ್ತಿದ್ದ. 1845ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾಂಕ್ಲಿನ್‌ನ ಎರೆಬಸ್, ಟೆರರ್ ಹಡಗುಗಳು ಬಂದವು. ಉತ್ತರದ ಹಿಮದಲ್ಲಿ ದಾರಿ ಹುಡುಕಲು ಹೋದವರು. 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಅವರಿಗೆ ಏನಾಯಿತು ಅಂತ 1854ರಲ್ಲಿ ಅಲ್ಲಿನ ಮೂಲನಿವಾಸಿ ಇನ್ಯುಯಿಟ್ ಜನರಿಂದ ಕೇಳಿ ತಿಳಿಸಿದವನು ಜಾನ್ ರೇ. ಅವನು ಹುಟ್ಟಿದ ಮನೆ ಊರಿನ ಮುಂದಿರುವ ಸಮುದ್ರದ ಆಚೆ ದಡದಲ್ಲಿದೆ. ಇಲ್ಲಿ ನೀರು ಕುಡಿದು ಹೋದವರ ಸುದ್ದಿಯನ್ನು ಕೊನೆಗೆ ತಂದವನೂ ಇಲ್ಲಿಯವನೇ. ಗಂಟಲು ಕಟ್ಟಿದ ಹಾಗಾಯಿತು.

ಬೇಸಿಗೆಯಲ್ಲಿ ದಾರಿಹೋಕರಿಗೆ ನಮ್ಮವರು ಅರವಟ್ಟಿಗೆ ಇಡುತ್ತಾರಲ್ವಾ, ಇದು ಹಡಗುಗಳ ಅರವಟ್ಟಿಗೆ. 1931ರಲ್ಲಿ ಮುಚ್ಚಿದ್ದಾರೆ. ನೀರು ಕಾಣುವುದಿಲ್ಲ. ನಾನು ಆ ಕಲ್ಲನ್ನು ಮುಟ್ಟಿ ಬಂದೆ.

ಹೊರಡುವ ದಿನ ಬೆಳಿಗ್ಗೆ ಕಟ್ಟೆಯಲ್ಲಿ ನಮ್ಮ ದೊಡ್ಡ ಹಡಗಿನಿಂದ ಸ್ವಲ್ಪ ದೂರ ಒಂದು ಪೀಡಿ ಹಡಗಿಗೆ ಸಾಮಾನು ತುಂಬುತ್ತಿದ್ದರು. ಎದುರಿನ ಗ್ರೇಮ್ಸೆ, ಹೊಯ್ ದ್ವೀಪಗಳಿಗೆ ಹೋಗುವ ಹಡಗು. ದಿನಸಿ ಡಬ್ಬಗಳು, ಕುರಿಗಳಿಗೆ ಹಿಂಡಿ ಮೂಟೆ, ಗ್ಯಾಸ್ ಸಿಲಿಂಡರ್, ಒಂದು ಕಿಟಕಿ ಗಾಜು. ಪ್ರತಿಯೊಂದರ ಮೇಲೂ ಮನೆಯ ಹೆಸರು ಬರೆದ ಚೀಟಿ. ಕೊನೆಗೆ ಬಂತು ಕೆಂಪು ಬಣ್ಣದ ಮಕ್ಕಳ ಸೈಕಲ್ಲು. ಹಡಗಿನವನು ಅದನ್ನು ಮೂಟೆಗಳ ನಡುವೆ ಇಟ್ಟ. ಅಲ್ಲಾಡಿಸಿ ನೋಡಿದ. ಮತ್ತೆ ಬಂದು ಇನ್ನೊಂದು ಸುತ್ತು ಹಗ್ಗ ಬಿಗಿದ.