ಐನೂರು ಸತೋಶಿ

ಹಾರ್ಮೋನಿಯಂನ ತಿದಿಗೆ ತೇಪೆ ಹಾಕುವ ನನ್ನ ವಿಡಿಯೊ ನೋಡಿ ಯಾರೋ ಪುಣ್ಯಾತ್ಮರು ನಿನ್ನೆ ರಾತ್ರಿ 500 ಸತೋಶಿ ಕಳುಹಿಸಿದ್ದಾರೆ. ಹತ್ತು ಕೋಟಿ ಸತೋಶಿ ಸೇರಿದರೆ ಒಂದು ಬಿಟ್‌ಕಾಯಿನ್. ಇನ್ನು 9,99,99,500 ಬಂದರೆ ನಾನೂ ಸಾಹುಕಾರ!

ಬಿಟ್‌ಕಾಯಿನ್‌ನ ಚಿಲ್ಲರೆಯನ್ನು ಬೇಗ ಸಾಗಿಸುವ ಲೈಟ್ನಿಂಗ್ ಜಾಲದಲ್ಲಿ ಬಂದದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿತು, ಸಾಗಣೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಯೂಟ್ಯೂಬ್‌ನ ದುಡ್ಡು ಕೊಟ್ಟು ಸಂದೇಶ ಹಾಕುವ ಸೂಪರ್ ಚಾಟ್‌ನಲ್ಲಾದರೆ ನೂರಕ್ಕೆ ಮೂವತ್ತು ಅಲ್ಲೇ ಉಳಿಯುತ್ತದೆ. ಇಲ್ಲಿ ಆ ಮೂವತ್ತನ್ನು ಕೇಳುವವರು ಬೇರೆ: 2022ರ ಏಪ್ರಿಲ್‌ನಿಂದ ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯುವಂತೆಯೂ ಇಲ್ಲ. ನನ್ನ ಗಂಟಿಗೆ ಇಷ್ಟೆಲ್ಲ ಲೆಕ್ಕ ಬೇಕೇ ಎಂದು ಹೆಂಡತಿ ನಕ್ಕಳು.

ಅಜ್ಜ ಹರಿಕಥೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಮಂಗಳಾರತಿ ತಟ್ಟೆಗೆ ಬಿದ್ದ ಸದ್ದಿನಲ್ಲೇ ನಾಲ್ಕಾಣೆಯೋ ಎಂಟಾಣೆಯೋ ಎಂದು ಹೇಳಿಬಿಡುತ್ತಿದ್ದರಂತೆ, ಅದೂ ಶ್ರುತಿ ತಪ್ಪದೆ. ಈ ಐನೂರಕ್ಕೆ ಸದ್ದೇ ಇಲ್ಲ. ಕೊಟ್ಟವರ ಹೆಸರೂ ಇಲ್ಲ. ಜೊತೆಗೆ ಒಂದು ಸಾಲು ಮಾತ್ರ: ‘ಮಧ್ಯ ಸಪ್ತಕದ ಗಾಂಧಾರ ಇನ್ನೂ ಸರಿಯಾಗಿಲ್ಲ.’

ಎದ್ದು ಹೋಗಿ ಹಾರ್ಮೋನಿಯಂನಲ್ಲಿ ಆ ಸ್ವರದ ಮನೆ ಒತ್ತಿ ನೋಡಿದೆ. ಹೌದು, ಸರಿಯಾಗಿಲ್ಲ.