“ಪಿಯಾನೋ ಎಲ್ಲಿ?” ಅಂತ ಕೇಳುವವರಿಗೆ

ಜಾಝ್ ಬ್ಯಾಂಡ್ ಕಟ್ಟಿ ನಡೆಸಿದ ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್ ಅವರ ರೆಕಾರ್ಡಿಂಗ್‌ಗಳನ್ನು ಯಾರಿಗೇ ಕೇಳಿಸಿದರೂ ಹತ್ತು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. “ಪಿಯಾನೋ ನುಡಿಸೋರು ಅಂದ್ರಲ್ಲ, ಪಿಯಾನೋ ಎಲ್ಲಿ? ಬರೀ ಟ್ರಂಪೆಟ್ಟು, ಸ್ಯಾಕ್ಸೋಫೋನೇ ಕೇಳಿಸ್ತಿದೆ.” ಮೊನ್ನೆ ಮನೆಗೆ ಬಂದಿದ್ದ ಸ್ನೇಹಿತೆಯೂ ಇದನ್ನೇ ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದೆ. ನಾನೂ ಮೊದಲ ಕೆಲವು ತಿಂಗಳು ಪಿಯಾನೋ ಹುಡುಕಿಕೊಂಡೇ ಕೇಳಿದವನು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಲಿಂಗ್ಟನ್ ಹುಟ್ಟಿದ್ದು 1899ರಲ್ಲಿ, ಅಮೆರಿಕದ ವಾಷಿಂಗ್ಟನ್‌ನಲ್ಲಿ. ಅವರು ಪಿಯಾನೋ ಕಲಿತ ಬಗೆಯೇ ಚೆಂದ. ಆಗ ತಾನಾಗೇ ನುಡಿಯುವ ಪಿಯಾನೋಗಳಿದ್ದವು. ತೂತು ಕೊರೆದ ಕಾಗದದ ಸುರುಳಿ ಒಳಗೆ ಹಾಕಿದರೆ ಸಾಕು, ಯಾರೂ ಮುಟ್ಟದೆ ಕೀಗಳು ಏಳುತ್ತಾ ಇಳಿಯುತ್ತಾ ಇರುತ್ತಿದ್ದವು. ಜೇಮ್ಸ್ ಪಿ. ಜಾನ್ಸನ್ ನುಡಿಸಿದ ‘ಕ್ಯಾರೊಲಿನಾ ಶೌಟ್’ನ ಸುರುಳಿಯನ್ನು ನಿಧಾನಕ್ಕೆ ಓಡಿಸಿ, ಇಳಿದ ಕೀಗಳ ಮೇಲೆ ತನ್ನ ಬೆರಳಿಟ್ಟು ಆ ಹುಡುಗ ಕಲಿತ. ಅಂದರೆ ಅವರ ಒಬ್ಬ ಗುರು ರೆಕಾರ್ಡಿಂಗೇ! ಎಡಗೈ ಕೆಳಗಿನ ಸ್ವರಕ್ಕೂ ಮೇಲಿನ ಕಾರ್ಡಿಗೂ (ಒಟ್ಟಿಗೇ ಒತ್ತುವ ಕೆಲವು ಸ್ವರಗಳು) ಜಿಗಿಯುತ್ತಲೇ ಇರಬೇಕಾದ ಕಷ್ಟದ ವಾದನ ಅದು. ಇಷ್ಟು ಹೇಳಿದ್ದು ಯಾಕೆಂದರೆ, ಕೈಲಾಗದೆ ಅವರು ಕಡಿಮೆ ನುಡಿಸಲಿಲ್ಲ. ಬೇಕೆಂದೇ ಕಡಿಮೆ ನುಡಿಸಿದರು.

1927ರ ಡಿಸೆಂಬರಿನಲ್ಲಿ ಅವರ ಬ್ಯಾಂಡಿಗೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್ಬಿನಲ್ಲಿ ಕಾಯಂ ಜಾಗ ಸಿಕ್ಕಿತು. ರೇಡಿಯೋದಲ್ಲೂ ಬಂತು, ಹೆಸರಾಯಿತು. ಆಗಿನ ಗ್ರಾಮಫೋನ್ ತಟ್ಟೆಗಳ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ. ಅಷ್ಟರಲ್ಲಿ ಹತ್ತು ಹನ್ನೆರಡು ಜನ ನುಡಿಯಬೇಕು. ಅಲ್ಲಿ ಪಿಯಾನೋಗೆ ಉಳಿಯುವುದೆಷ್ಟು? ಆದರೆ ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಎಲಿಂಗ್ಟನ್ ಸುಮ್ನೆ ‘ಮೊದಲನೇ ಟ್ರಂಪೆಟ್’ ಅಂತ ಬರೆಯುತ್ತಿರಲಿಲ್ಲ. ಹಾಳೆಯ ಮೇಲೆ ವಾದಕನ ಹೆಸರನ್ನೇ ಹಾಕುತ್ತಿದ್ದರು. ಒಬ್ಬೊಬ್ಬರ ದನಿಯೂ ಅವರಿಗೆ ಗೊತ್ತಿತ್ತು, ಆ ದನಿಗೆಂದೇ ಬರೆದರು. ಬ್ಯಾರಿಟೋನ್ ಸ್ಯಾಕ್ಸೋಫೋನಿನ ಹ್ಯಾರಿ ಕಾರ್ನಿ 1927ರಲ್ಲಿ ಸೇರಿದವರು 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಜೊತೆಗಿದ್ದರು. 47 ವರ್ಷ! ‘ಮೂಡ್ ಇಂಡಿಗೊ’ (1930) ಶುರುವಾಗುವುದನ್ನು ಕೇಳಿ. ಸಾಮಾನ್ಯವಾಗಿ ಮೇಲಿರುವ ಕ್ಲಾರಿನೆಟ್ ತೀರಾ ಕೆಳಗೆ ಇಳಿದಿದೆ, ಕೆಳಗಿರಬೇಕಾದ ಟ್ರಂಬೋನ್ ಬಾಯಿ ಮುಚ್ಚಿಕೊಂಡು ಮೇಲೆ ಹತ್ತಿದೆ. ಇವೆರಡರ ಜೊತೆ ಒಂದು ಟ್ರಂಪೆಟ್, ಮೂರೇ ವಾದ್ಯ. ಈ ಬಣ್ಣ ಕಲೆಸಿದ್ದು ಪಿಯಾನೋ ಮುಂದೆ ಕೂತ ಮನುಷ್ಯನೇ ಅಲ್ವಾ?

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೆಂಕುತಿಟ್ಟಿನ ಭಾಗವತರ ಕೈಲಿರುವುದು ಪುಟ್ಟ ಜಾಗಟೆ. ಚೆಂಡೆಯ ಎದುರು ಅದರ ಸದ್ದು ಎಷ್ಟರದು? ಆದರೂ ಇಡೀ ಆಟ ಅವರು ಹೇಳಿದತ್ತ ತಿರುಗುತ್ತದೆ.

ಇನ್ನು ಪಿಯಾನೋ ಕೇಳಿಸುವ ಜಾಗ ತೋರಿಸುತ್ತೇನೆ. ಇಯರ್‌ಫೋನ್ ಹಾಕಿಕೊಂಡು ‘ಕೋ-ಕೋ’ ಕೇಳಿ. 1940ರ ಮಾರ್ಚ್ 6ರಂದು ಷಿಕಾಗೋದಲ್ಲಿ ರೆಕಾರ್ಡ್ ಆದದ್ದು. ನನ್ನ ಮಟ್ಟಿಗೆ ಅವರ ಎಲ್ಲ ತಟ್ಟೆಗಳಲ್ಲಿ ಇದೇ ಮೇಲು. ಹನ್ನೆರಡು ಬಾರ್‌ಗಳ, ಅಂದರೆ ತಾಳದ ಹನ್ನೆರಡು ಆವರ್ತಗಳ, ಬ್ಲೂಸ್ ಅನ್ನುವ ಹಾಡಿನ ಚೌಕಟ್ಟು ಸುತ್ತು ಸುತ್ತಾಗಿ ಬರುತ್ತದೆ. ಮೊದಲ ಸುತ್ತಿನಲ್ಲಿ ಹುವಾನ್ ಟಿಜೋಲ್ ಅವರ ಟ್ರಂಬೋನ್. ಆಮೇಲೆ ಎರಡು ಸುತ್ತು ‘ಟ್ರಿಕಿ ಸ್ಯಾಮ್’ ನ್ಯಾಂಟನ್ ಅವರದು, ರಬ್ಬರ್ ಮುಚ್ಚಳ ಅಡ್ಡ ಹಿಡಿದು, ಮಗು ರಚ್ಚೆ ಹಿಡಿದಂತೆ ನುಡಿಸುತ್ತಾರೆ. ನಾಲ್ಕನೆಯ ಸುತ್ತು ಎಲಿಂಗ್ಟನ್‌ರದು. ಹೆಚ್ಚುಕಡಿಮೆ ಇಪ್ಪತ್ತು ಸೆಕೆಂಡು, ಅಷ್ಟೇ. ಆದರೆ ಅದು ರಾಗ ನುಡಿಸುವ ಪಿಯಾನೋ ಅಲ್ಲ. ಬ್ಯಾಂಡ್ ತನ್ನ ಪಾಡಿಗೆ ಹೋಗುತ್ತಿರುವಾಗ ಮೇಲಿಂದ ಅಪಸ್ವರಗಳನ್ನು ಹಿಡಿ ಹಿಡಿಯಾಗಿ ಎರಚುತ್ತಾರೆ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ಅಲ್ಲಿಂದ ಬ್ಯಾಂಡಿನ ಬಿಸಿಯೇ ಬೇರೆ. ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಆ ಇಪ್ಪತ್ತು ಸೆಕೆಂಡಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮುಂದಿನ ವರ್ಷದ ‘ಟೇಕ್ ದಿ ಎ ಟ್ರೇನ್’ ಬರೆದದ್ದು ಬಿಲ್ಲಿ ಸ್ಟ್ರೇಹಾರ್ನ್. 1939ರಿಂದ ಎಲಿಂಗ್ಟನ್ ಜೊತೆಗೇ ಬರೆಯುತ್ತಿದ್ದವರು. ಅದರಲ್ಲಿ ಪಿಯಾನೋ ಶುರುವಿಗೇ ಬರುತ್ತದೆ, ಐದಾರು ಸೆಕೆಂಡು. ಅಷ್ಟು ಕೇಳಿದರೆ ಸಾಕು, ಗೊತ್ತಿದ್ದವರಿಗೆ ಹಾಡು ಯಾವುದು ಅಂತ ತಿಳಿಯುತ್ತದೆ.

ಬ್ಯಾಂಡನ್ನು ಪಿಯಾನೋ ಹೇಗೆ ನಡೆಸುತ್ತಿತ್ತು ಅಂತ ತಿಳಿಯಬೇಕಾದರೆ 1956ರ ಜುಲೈ 7ರ ರಾತ್ರಿಯ ನ್ಯೂಪೋರ್ಟ್ ಜಾಝ್ ಉತ್ಸವದ ಕಛೇರಿ ಕೇಳಬೇಕು. ಎಲಿಂಗ್ಟನ್‌ರದೇ 1937ರ ಎರಡು ರಚನೆಗಳ ನಡುವೆ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೋಫೋನಿನಲ್ಲಿ 27 ಸುತ್ತು ನುಡಿಸಿ ಜನರನ್ನು ಕುರ್ಚಿಯಿಂದ ಎಬ್ಬಿಸಿದ ರಾತ್ರಿ ಅದು. ಎಲ್ಲರೂ ಆ 27 ಸುತ್ತಿನ ಬಗ್ಗೆಯೇ ಹೇಳುತ್ತಾರೆ. ಅದಕ್ಕೆ ಮೊದಲು ಎಲಿಂಗ್ಟನ್ ಪಿಯಾನೋದಲ್ಲಿ ಒಲೆ ಹೊತ್ತಿಸುವುದನ್ನು ಕೇಳಿ. ಆಮೇಲೆ ಸ್ಯಾಕ್ಸೋಫೋನಿನ ಹಿಂದೆ ಕಾರ್ಡ್ ಗುದ್ದುತ್ತಾ, ಕೂಗಿ ಹುರಿದುಂಬಿಸುತ್ತಾ ಇರುವುದನ್ನೂ ಕೇಳಿ. ಆ ರಾತ್ರಿ ಗೊನ್ಸಾಲ್ವೆಸ್ ರೆಕಾರ್ಡ್ ಕಂಪನಿಯ ಮೈಕ್ ಬಿಟ್ಟು ‘ವಾಯ್ಸ್ ಆಫ್ ಅಮೆರಿಕ’ ರೇಡಿಯೋದ ಮೈಕಿಗೆ ನುಡಿಸಿಬಿಟ್ಟಿದ್ದರು. ಹಾಗಾಗಿ ಹಳೆಯ ಎಲ್‌ಪಿಯಲ್ಲಿ ಅವರು ದೂರದಲ್ಲಿದ್ದಾರೆ. ಅದರ ಕೆಲವು ಭಾಗ ಆಮೇಲೆ ಸ್ಟುಡಿಯೋದಲ್ಲಿ ಮಾಡಿದ್ದು. 1999ರಲ್ಲಿ ಕಂಪನಿಯದೂ ರೇಡಿಯೋದ್ದೂ ಎರಡೂ ಟೇಪು ಸೇರಿಸಿ ತಂದರಲ್ಲ, ಅದನ್ನೇ ಕೇಳಿ.

ಇಷ್ಟು ಕೇಳಿಯೂ “ಬರೀ ಪಿಯಾನೋ ಬೇಕು” ಅನ್ನುವವರಿಗೆ 1962ರಲ್ಲಿ ಮೂವರೇ ನುಡಿಸಿದ ‘ಮನಿ ಜಂಗಲ್’ ಆಲ್ಬಮ್ ಇದೆ. ಬಾಸ್‌ನಲ್ಲಿ ಚಾರ್ಲ್ಸ್ ಮಿಂಗಸ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್. ಇಬ್ಬರೂ ಎಲಿಂಗ್ಟನ್‌ಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಮಿಂಗಸ್‌ರನ್ನು 1953ರಲ್ಲಿ ಜಗಳದ ಕಾರಣಕ್ಕೆ ಎಲಿಂಗ್ಟನ್ನೇ ಬ್ಯಾಂಡಿನಿಂದ ಕಳಿಸಿದ್ದರು. ಈ ರೆಕಾರ್ಡಿಂಗ್‌ನಲ್ಲಿ ಆ ಬಿಗಿ ಕಿವಿಗೇ ಗೊತ್ತಾಗುತ್ತದೆ. ಅರವತ್ತು ದಾಟಿದ ಮನುಷ್ಯ ಕೀಗಳನ್ನು ಹೀಗೆ ಕುಟ್ಟಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ಸ್ನೇಹಿತೆಗೆ ನಾನು ಕೊನೆಗೆ ಹಾಕಿದ್ದು ‘ಲೋಟಸ್ ಬ್ಲಾಸಮ್’. 1967ರ ಮೇ ತಿಂಗಳಲ್ಲಿ ಸ್ಟ್ರೇಹಾರ್ನ್ ತೀರಿಕೊಂಡರು. ಅದೇ ವರ್ಷ ಎಲಿಂಗ್ಟನ್ ಬ್ಯಾಂಡ್ ಕಟ್ಟಿಕೊಂಡು ಸ್ಟುಡಿಯೋಗೆ ಹೋಗಿ ಅವರ ರಚನೆಗಳನ್ನೇ ಒಂದು ಆಲ್ಬಮ್ ಮಾಡಿದರು. ಒಂದು ದಿನದ ಕೆಲಸ ಮುಗಿದಿತ್ತು. ವಾದಕರು ಮನೆಗೆ ಹೊರಡಲು ವಾದ್ಯ ಕಟ್ಟಿಡುತ್ತಿದ್ದರು. ಎಲಿಂಗ್ಟನ್ ಮಾತ್ರ ಪಿಯಾನೋ ಬಿಟ್ಟು ಏಳಲಿಲ್ಲ. ತಾವು ನುಡಿಸಿದರೆ ಸ್ಟ್ರೇಹಾರ್ನ್ ಇಷ್ಟಪಟ್ಟು ಕೇಳುತ್ತಿದ್ದ ಹಾಡನ್ನು ಒಬ್ಬರೇ ನುಡಿಸತೊಡಗಿದರು. ಟೇಪು ಓಡುತ್ತಿತ್ತು. ಜನರ ಮಾತು, ಸಾಮಾನು ಎತ್ತಿಡುವ ಸದ್ದು ಎಲ್ಲ ಅದರಲ್ಲಿದೆ. ಕೇಳುತ್ತಾ ಹೋದಂತೆ ಆ ಸದ್ದು ಕಡಿಮೆಯಾಗುತ್ತದೆ. ಅವಸರವಿಲ್ಲದ ಮೂರರ ಲಯ, ಒಂದೇ ಪಿಯಾನೋ.

ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಕೋ-ಕೋ ಇನ್ನೊಂದ್ಸಲ ಹಾಕು” ಅಂದಳು.