ನಾಗರಕಲ್ಲಿನ ಹಾವುಗಳು ಯಾಕೆ ಹಾಗೆ ಹೆಣೆದುಕೊಂಡಿವೆ?

ಹಳೆಯ ನಾಗರಕಲ್ಲುಗಳ ಫೋಟೊ ತೆಗೆಯೋದು ನನ್ನ ಬಹುಕಾಲದ ಹವ್ಯಾಸ. ಹಾಗಾಗಿ ನೆಂಟರು, ಸ್ನೇಹಿತರು, ಹೊಸದಾಗಿ ಪರಿಚಯವಾದವರು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಅರಳಿಕಟ್ಟೆಯ ಕಲ್ಲಿನಲ್ಲಿ ಎರಡು ಹಾವು ಜಡೆ ಹಾಕಿದ ಹಾಗೆ ಸುತ್ತಿಕೊಂಡಿರುತ್ತವಲ್ಲ, ಅದೇನು? ಅದು ಅದೃಷ್ಟದ ಗುರುತಾ?

ಆ ಕಲ್ಲು ನಿಲ್ಲಿಸಿದವರ ಮಟ್ಟಿಗೆ ಹೌದು. ಮಕ್ಕಳಾಗಲಿ ಅಂತ ಹರಕೆ ಹೊತ್ತವರು, ಹಾವು ಕೊಂದ ದೋಷ ಕಳೆಯಲಿ ಅಂದುಕೊಂಡವರು ಕಲ್ಲು ಮಾಡಿಸುತ್ತಿದ್ದರು. ಕೆತ್ತಿದ ಕಲ್ಲನ್ನು ಕೆಲವು ಕಾಲ ಬಾವಿಯಲ್ಲೋ ಕೆರೆಯಲ್ಲೋ ನೀರಿನಲ್ಲಿಟ್ಟು, ಆಮೇಲೆ ಅರಳಿ ಮತ್ತು ಬೇವಿನ ಮರದ ಕೆಳಗೆ ಪ್ರತಿಷ್ಠೆ ಮಾಡುವುದು ರೂಢಿ. ಹೆಣೆದುಕೊಂಡ ಹಾವು ಅಂದರೆ ಕೂಡಿದ ಜೋಡಿ, ಜೋಡಿ ಅಂದರೆ ಸಂತಾನ. ಆ ಲೆಕ್ಕ ಸರಳ.

ಹಳ್ಳಿ ಕಡೆ ಇದಕ್ಕೆ ಇನ್ನೊಂದು ನಂಬಿಕೆಯೂ ಸೇರಿಕೊಂಡಿದೆ. ಹೊಲದಲ್ಲಿ ಎರಡು ಹಾವು ಎದ್ದು ನಿಂತು ಸುತ್ತಿಕೊಂಡಿರುವುದು ಕಂಡರೆ ಮೇಲೆ ಒಂದು ಬಟ್ಟೆ ಎಸೆಯಬೇಕು, ಆ ಬಟ್ಟೆ ಮನೆಯಲ್ಲಿಟ್ಟರೆ ಒಳ್ಳೆಯದಾಗುತ್ತದೆ ಅಂತಾರೆ. ನೋಡಿದ್ದೇ ಕೆಟ್ಟದ್ದು ಅನ್ನುವ ಊರುಗಳೂ ಇವೆ. ಒಂದು ಕೇರೆ, ಇನ್ನೊಂದು ನಾಗರ ಅಂತ ಹೇಳುವವರೂ ಇದ್ದಾರೆ. ನಿಜ ಏನೆಂದರೆ ಕೇರೆಗೂ ನಾಗರಕ್ಕೂ ಕೂಡಿಕೆ ಇಲ್ಲ. ಅವು ಬೇರೆ ಬೇರೆ ಕುಟುಂಬದ ಹಾವುಗಳು. ನಾಗರಹಾವು ಕೇರೆಯನ್ನು ತಿನ್ನುವುದೂ ಉಂಟು. ಹಾಗೆ ಎದ್ದು ಸುತ್ತಿಕೊಳ್ಳುವ ಜೋಡಿ ಹೆಚ್ಚಿನ ಸಲ ಎರಡು ಗಂಡು ಕೇರೆಗಳು. ಅವು ಕಚ್ಚಾಡುವುದಿಲ್ಲ. ಮೈಗೆ ಮೈ ಸುತ್ತಿ, ಎದುರಿನದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತವೆ. ಸೋತದ್ದು ಬಿಡಿಸಿಕೊಂಡು ಹೋಗುತ್ತದೆ.

ಹಾಗಾದರೆ ಕಲ್ಲು ಸುಳ್ಳಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಶಿಲ್ಪಿ ಕಂಡದ್ದನ್ನು ಹಾಗೇ ನಕಲು ಮಾಡಿಲ್ಲ. ನಿಜವಾದ ಹಾವುಗಳ ಸುತ್ತು ಅಡ್ಡಾದಿಡ್ಡಿ, ಕ್ಷಣಕ್ಕೊಂದು ರೂಪ. ಕಲ್ಲಿನ ಮೇಲಿನದು ಲೆಕ್ಕದ ಗಂಟು. ಬಾಲದ ಹತ್ತಿರ ಬೆರಳಿಟ್ಟು ಒಂದೇ ಹಾವಿನ ಮೈ ಹಿಡಿದು ಮೇಲಕ್ಕೆ ಹೋಗಿ ನೋಡಿ. ಎರಡು ಮೈ ಅಡ್ಡಹಾಯುವ ಒಂದು ದಾಟಿನಲ್ಲಿ ಅದು ಮೇಲೆ ಬರುತ್ತದೆ, ಮುಂದಿನದರಲ್ಲಿ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ. ಒಳ್ಳೆಯ ಕಲ್ಲಿನಲ್ಲಿ ಈ ಕ್ರಮ ಹೆಡೆಯವರೆಗೂ ತಪ್ಪುವುದಿಲ್ಲ. ಅವಸರದ ಕೆಲಸದಲ್ಲಿ ಒಂದೇ ಹಾವು ಎರಡು ಸಲ ಮೇಲೆ ಬಂದುಬಿಡುತ್ತದೆ. ಆಗ ಅದು ಗಂಟಲ್ಲ, ಒಂದರ ಮೇಲೊಂದು ಬಿದ್ದ ಎರಡು ಗೆರೆ. ಮೇಲೆ ಹೋಗುವ ಮೈಯನ್ನು ಉಬ್ಬಿಸಿ, ಕೆಳಗೆ ಹೋಗುವುದನ್ನು ಅಂಚಿನಲ್ಲಿ ತಗ್ಗಿಸಿದರೆ ಸಾಕು, ಬೆರಳಿನಷ್ಟು ಆಳದ ಕೆತ್ತನೆಯಲ್ಲೂ ನಿಜವಾದ ಹುರಿ ಕಾಣುತ್ತದೆ. ಹಳೇ ಮೈಸೂರು ಕಡೆಯ ಗಟ್ಟಿ ಗ್ರಾನೈಟ್ ಕಲ್ಲಿನಲ್ಲಿ ಅದನ್ನು ಸಾಧಿಸಿದವರ ಕೈಗೆ ನನ್ನ ನಮಸ್ಕಾರ.

ಎರಡು ದಾಟುಗಳ ನಡುವೆ ಉಳಿಯುವ ಕಣ್ಣಿನಾಕಾರದ ಜಾಗ ನನಗೆ ಇನ್ನೂ ಇಷ್ಟ. ಅಲ್ಲೊಂದು ಪುಟ್ಟ ಲಿಂಗ ಇರಬಹುದು, ಹೂವು ಇರಬಹುದು, ಕೃಷ್ಣ ಇರಬಹುದು. ಎಷ್ಟೋ ಕಲ್ಲುಗಳಲ್ಲಿ ಅದು ಖಾಲಿ. ಗಂಟು ಹಾಕಿದ್ದೇ ಆ ಜಾಗಕ್ಕಾಗಿ ಅನ್ನಿಸುವಂಥ ಕಲ್ಲುಗಳೂ ಇವೆ.

ಈ ವಿನ್ಯಾಸ ಎಲ್ಲಿಂದ ಬಂತು? ನನ್ನದೊಂದು ಊಹೆ ಇದೆ. ಮೆತ್ತನೆ ಧೂಳಿನಲ್ಲಿ ಹಾವು ಹರಿದರೆ ಅಲೆ ಅಲೆಯಾದ ಜಾಡು ಬೀಳುತ್ತದೆ. ಪ್ರತಿ ಬಳುಕಿನ ಹೊರಬದಿಯಲ್ಲಿ ಮೈ ನೆಲವನ್ನು ಒತ್ತುವುದರಿಂದ ಅಲ್ಲಿ ಸ್ವಲ್ಪ ಮಣ್ಣು ಗುಡ್ಡೆಯಾಗಿರುತ್ತದೆ. ಹೆಬ್ಬಾವಿನದು ಹೀಗಲ್ಲ, ಅದು ಹೆಚ್ಚಾಗಿ ನೇರವಾಗಿ ಸಾಗುತ್ತದೆ. ಒಂದು ಜಾಡಿನ ಮೇಲೆ ಇನ್ನೊಂದು ಹಾದು ಹೋದರೆ ನಾಗರಕಲ್ಲಿನ ಅರ್ಧ ನಕ್ಷೆ ನೆಲದ ಮೇಲೇ ಬಿದ್ದ ಹಾಗೆ. ಹೊಲದಲ್ಲಿ ಬೆಳೆದ ಶಿಲ್ಪಿ ಇದನ್ನು ನೋಡದೆ ಇರುತ್ತಾನಾ?

ಗಂಟಿನ ವಿಷಯಕ್ಕೆ ಉಡುಪಿ, ದಕ್ಷಿಣ ಕನ್ನಡದ ನಾಗಮಂಡಲ ಅನ್ನುವ ನಾಗಪೂಜೆಯನ್ನೂ ಸೇರಿಸಲೇಬೇಕು. ಅಲ್ಲಿ ನೆಲದ ಮೇಲೆ ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಪುಡಿಗಳಲ್ಲಿ ಹೆಣೆದುಕೊಂಡ ನಾಗನನ್ನು ಬರೆಯುತ್ತಾರೆ. ಒಂದೊಂದು ಗಂಟಿಗೂ ಪವಿತ್ರ ಅನ್ನುತ್ತಾರೆ. ಮಂಡಲದ ದೊಡ್ಡಸ್ತಿಕೆ ಗಂಟಿನ ಲೆಕ್ಕದಲ್ಲೇ: 4 ಪವಿತ್ರ, 8 ಪವಿತ್ರ, 16 ಪವಿತ್ರ. ನಾಗಪಾತ್ರಿ (ಮೈಮೇಲೆ ನಾಗ ಬರುವವರು) ಮತ್ತು ವೈದ್ಯರ (ಮಂಡಲದ ಸುತ್ತ ಹಾಡಿ ಕುಣಿಯುವ ಪಂಗಡದವರು) ಕುಣಿತ ಮುಗಿದ ಮೇಲೆ ಆ ಪುಡಿ ಪ್ರಸಾದವಾಗಿ ಮನೆಮನೆಗೆ ಹೋಗುತ್ತದೆ. ಅಂದರೆ ಗಂಟೇ ಅಲ್ಲಿ ಪೂಜೆಯ ಅಳತೆ. ಕಲ್ಲಿನ ಗಂಟನ್ನು ಸುಮ್ನೆ ಅಲಂಕಾರ ಅಂದುಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಾಗರಕಲ್ಲು ಎಷ್ಟು ಹಳೆಯದು ಅಂತ ಕೇಳುವವರು ಬನವಾಸಿಗೆ ಹೋಗಬೇಕು. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗನ ಕಲ್ಲೊಂದಿದೆ. ಅದು ಒಂಟಿ ನಾಗ, ಜೋಡಿಯಲ್ಲ. ಕದಂಬರಿಗಿಂತ ಮೊದಲಿನ ಚುಟು ಅರಸರ ಕಾಲದ್ದು. ಅದರ ಮೇಲೆ ಪ್ರಾಕೃತದಲ್ಲಿ ಬರಹ ಇದೆ: ಅರಸನ ಮಗಳು ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು ಮಾಡಿಸಿದಳು ಅಂತ. ಕೆತ್ತಿದವನ ಹೆಸರೂ ಇದೆ, ನಟಕ. ಅವನ ಗುರುವಿನ ಹೆಸರೂ ಇದೆ! ನಮ್ಮ ನಾಡಿನಲ್ಲಿ ಹೆಸರು ಉಳಿದಿರುವ ತೀರಾ ಹಳೆಯ ಶಿಲ್ಪಿಗಳಲ್ಲಿ ಒಬ್ಬ ನಾಗನನ್ನು ಕೆತ್ತಿದವನು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಜೋಡಿ ನಾಗಗಳನ್ನು ರಾಶಿಯಾಗಿ ನೋಡಬೇಕಂದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯ ಒಳ್ಳೆಯ ಜಾಗಗಳು. ನಾಗರಪಂಚಮಿಗೆ ತನಿ ಎರೆಯಲು ಜನ ಜಾಸ್ತಿ, ಕಲ್ಲುಗಳು ಅರಿಸಿನ ಕುಂಕುಮದಲ್ಲಿ ಮುಚ್ಚಿಹೋಗಿರುತ್ತವೆ. ಬೇರೆ ದಿನ ಬೆಳಗ್ಗೆ ಹೋಗಿ. ಓರೆ ಬಿಸಿಲಿನಲ್ಲಿ ಒಂದೊಂದು ದಾಟೂ ಸ್ಪಷ್ಟವಾಗಿ ಕಾಣುತ್ತದೆ.

ಕೊನೆಗೆ ಹಲವರು ಕೇಳುತ್ತಾರೆ, ಅಂಥ ಹಳೆ ಕಲ್ಲೊಂದನ್ನು ಅದೃಷ್ಟಕ್ಕೆ ಮನೆಗೆ ತರಬಹುದಾ ಅಂತ. ದಯವಿಟ್ಟು ಬೇಡ. ಅದು ಯಾರದೋ ಹರಕೆ. ಬೇಕಾದರೆ ಹೊಸದು ಮಾಡಿಸಿ. ಉಳಿ ಹಿಡಿಯುವ ಮೊದಲು ಗೆರೆ ಹಾಕಿ ತೋರಿಸಿ ಅಂತ ಶಿಲ್ಪಿಯನ್ನು ಕೇಳಿ. ಯಾವ ಹಾವು ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅನ್ನುವುದನ್ನು ಇಬ್ಬರೂ ಕೂತು ನೋಡಿ. ಕಟ್ಟೆಯಲ್ಲಿ ನಿಂತಮೇಲೆ ಅದಕ್ಕೆ ಎನಾಮೆಲ್ ಪೇಂಟ್ ಮಾತ್ರ ಬಳಿಯಬೇಡಿ, ಕೆತ್ತಿದ ಅಂಚುಗಳೆಲ್ಲ ಅದರಲ್ಲಿ ತುಂಬಿಹೋಗುತ್ತವೆ.